ಕಿಪ್ಲಿಂಗನ ಕೊನೆಯ ಇಪ್ಪತ್ತು ವರ್ಷಗಳು

ರಡ್ಯಾರ್ಡ್ ಕಿಪ್ಲಿಂಗನನ್ನು ನಮ್ಮ ಕಡೆಯ ವಿದ್ಯಾವಂತರು ಎರಡು ಬಗೆಯಲ್ಲಿ ಬಲ್ಲರು. ಬಾಲ್ಯದಲ್ಲಿ ಆತ ಮೌಗ್ಲಿಯ ಕಥೆಗಾರ. ತೋಳಗಳ ನಡುವೆ ಬೆಳೆದ ಹುಡುಗನನ್ನೂ ಭಾಲೂ ಎಂಬ ಕರಡಿಯನ್ನೂ ಶೇರ್ ಖಾನ್ ಎಂಬ ಹುಲಿಯನ್ನೂ ನಮಗೆ ಕೊಟ್ಟವನು. ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಆತ ಬ್ರಿಟಿಷ್ ಸಾಮ್ರಾಜ್ಯದ ವಂದಿಮಾಗಧ. ಬಿಳಿಯರ ಆಳ್ವಿಕೆಯನ್ನು ಧರ್ಮಕಾರ್ಯವೆಂಬಂತೆ ಹಾಡಿದವನು. ಈ ಎರಡು ಚಿತ್ರಗಳೂ ಸುಳ್ಳಲ್ಲ. ಆದರೆ ಆತನ ಜೀವನಚರಿತ್ರೆಯನ್ನು ಕೊನೆಯವರೆಗೆ ಓದುವ ತಾಳ್ಮೆಯಿದ್ದವರಿಗೆ ಮೂರನೆಯ ಕಿಪ್ಲಿಂಗನೊಬ್ಬನು ಎದುರಾಗುತ್ತಾನೆ. ಆತ ಹೊಟ್ಟೆನೋವಿನ ರೋಗಿ. ಐವತ್ತನೆಯ ವಯಸ್ಸಿನಲ್ಲಿ ಹತ್ತಿಕೊಂಡ ನೋವು ಎಪ್ಪತ್ತನೆಯ ವಯಸ್ಸಿನಲ್ಲಿ ಆತನ ಪ್ರಾಣವನ್ನು ತೆಗೆದುಕೊಂಡಿತು. ಅದರಲ್ಲಿ ಹದಿನೆಂಟು ವರ್ಷ ಆ ನೋವಿಗೆ ಏನು ಹೆಸರೆಂಬುದೇ ಆತನಿಗೆ ತಿಳಿಯಲಿಲ್ಲ.

ಸಾಹಿತ್ಯಚರಿತ್ರಕಾರರು ಗ್ರಂಥಕರ್ತರ ರೋಗಗಳನ್ನು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಯಾವ ರೋಗದಿಂದ ಯಾವ ದಿನ ತೀರಿಕೊಂಡನೆಂಬುದು ಗೊತ್ತಾದರೆ ಅವರ ಕೆಲಸ ತೀರಿತು. ರೋಗದೊಡನೆ ಆತ ಹೇಗೆ ಬಾಳಿದನೆಂಬ ಪ್ರಶ್ನೆಯನ್ನು ಅವರು ಕೇಳುವುದು ಅಪರೂಪ. ಮರಣದ ದಿನ ಒಂದೇ ಒಂದು. ಕಿಪ್ಲಿಂಗನು ನೋವಿನೊಡನೆ ಬಾಳಿದ ದಿನಗಳಾದರೋ ಏಳು ಸಾವಿರಕ್ಕೂ ಮಿಕ್ಕವು. ಆ ದಿನಗಳ ಕಥೆಯೇ ಈ ಲೇಖನದ ವಿಷಯ.

ಕಿಪ್ಲಿಂಗನು ಹುಟ್ಟಿದ್ದು 1865ರ ಡಿಸೆಂಬರ್ 30ರಂದು, ಮುಂಬಯಿಯಲ್ಲಿ. ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಅಲ್ಲಿಯ ಜೆ. ಜೆ. ಕಲಾಶಾಲೆಯಲ್ಲಿ ಶಿಲ್ಪದ ಅಧ್ಯಾಪಕ. ಆಯಾ ಮತ್ತು ಸೇವಕರ ತೋಳಿನಲ್ಲಿ ಬೆಳೆದ ಮಗುವಿಗೆ ಇಂಗ್ಲಿಷಿಗಿಂತ ಹಿಂದುಸ್ತಾನಿಯೇ ಸಲೀಸಾಗಿತ್ತು. 1871ರಲ್ಲಿ, ಇನ್ನೂ ಆರು ತುಂಬದ ಆತನನ್ನೂ ಮೂರು ವರ್ಷದ ತಂಗಿಯನ್ನೂ ಇಂಗ್ಲೆಂಡಿನ ಸೌತ್‌ಸೀ ಎಂಬಲ್ಲಿ ಪರರ ಮನೆಯಲ್ಲಿ ಬಿಟ್ಟು ತಂದೆತಾಯಿಗಳು ಹಿಂದಿರುಗಿದರು. ಆಂಗ್ಲ ಅಧಿಕಾರಿಗಳ ಮನೆಗಳಲ್ಲಿ ಆಗ ಅದು ರೂಢಿಯೇ ಆಗಿತ್ತು. ಆ ಮನೆಯಲ್ಲಿ ಹುಡುಗನು ಸುಮಾರು ಆರು ವರ್ಷ ಗದರಿಕೆ ದಂಡನೆಗಳ ನಡುವೆ ಕಳೆದನು. ಆತನ ಕಣ್ಣಿನ ದೃಷ್ಟಿ ದಿನೇ ದಿನೇ ಕೆಡುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಪಾಠದಲ್ಲಿ ಹಿಂದೆ ಬಿದ್ದುದಕ್ಕೆ ಶಿಕ್ಷೆ ಸಿಕ್ಕಿತು; ಹಿಂದೆ ಬಿದ್ದುದು ಏಕೆಂದು ಕೇಳುವವರು ಇರಲಿಲ್ಲ. ಕಾರಣ ತಿಳಿಯದ ಕಷ್ಟವನ್ನು ಅನುಭವಿಸುವುದು ಆತನಿಗೆ ಬಾಲ್ಯದಲ್ಲೇ ಅಭ್ಯಾಸವಾಯಿತೆನ್ನಬಹುದು.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದು. 1882ರಲ್ಲಿ, ಹದಿನೇಳು ತುಂಬುವ ಮೊದಲೇ, ಲಾಹೋರಿನ ಪತ್ರಿಕೆಯೊಂದರ ಕಚೇರಿಗೆ ಸೇರಿದನು. ಅಲ್ಲಿಂದ ಅಲಹಾಬಾದು, 1889ರಲ್ಲಿ ಲಂಡನ್. 1892ರ ಜನವರಿ 18ರಂದು ಕ್ಯಾರೊಲೈನ್ ಬ್ಯಾಲಸ್ಟಿಯರ್ ಎಂಬ ಅಮೆರಿಕದ ಕನ್ಯೆಯೊಡನೆ ವಿವಾಹ. ಅಮೆರಿಕದ ವರ್ಮಾಂಟಿನಲ್ಲಿ ಮನೆ ಕಟ್ಟಿಕೊಂಡು, ಹಿಮ ಬೀಳುವ ಆ ನಾಡಿನಲ್ಲಿ ಕುಳಿತು ನಮ್ಮ ಮಧ್ಯಭಾರತದ ಕಾಡಿನ ಕಥೆಗಳನ್ನು ಬರೆದನು. 1901ರಲ್ಲಿ ಕಿಮ್ ಕಾದಂಬರಿ ಹೊರಬಂದಿತು. 1907ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಆತನ ವಯಸ್ಸು ನಲವತ್ತೊಂದು. ಇಂಗ್ಲಿಷಿನಲ್ಲಿ ಬರೆಯುವ ಗ್ರಂಥಕರ್ತರ ಪೈಕಿ ಆ ಪಾರಿತೋಷಕವನ್ನು ಪಡೆದವರಲ್ಲಿ ಆತನೇ ಮೊದಲಿಗನು.

ಈ ಕೀರ್ತಿಯ ನಡುವೆಯೇ ಮೊದಲ ಪೆಟ್ಟು ಬಿದ್ದಿತ್ತು. 1899ರಲ್ಲಿ ನ್ಯೂಯಾರ್ಕಿನಲ್ಲಿ ಆತನೂ ಹಿರಿಯ ಮಗಳು ಜೋಸೆಫಿನ್ನಳೂ ಒಟ್ಟಿಗೆ ನ್ಯುಮೋನಿಯಾದಿಂದ ಮಲಗಿದರು. ಆರು ವರ್ಷದ ಮಗು ಮಾರ್ಚ್ 6ರಂದು ತೀರಿಕೊಂಡಿತು. ತಂದೆಯ ಸ್ಥಿತಿ ಎಷ್ಟು ವಿಷಮವಾಗಿತ್ತೆಂದರೆ ಆ ಸುದ್ದಿಯನ್ನು ಆತನಿಗೆ ತಿಳಿಸಲು ಮನೆಯವರು ಕೆಲವು ದಿನ ಕಾಯಬೇಕಾಯಿತು. ಆತ ಉಳಿದನು. 1902ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಬರ್‌ವಾಶ್ ಎಂಬ ಹಳ್ಳಿಯಲ್ಲಿ ಬೇಟ್‌ಮನ್ಸ್ ಎಂಬ ಹಳೆಯ ಕಲ್ಲುಮನೆಯನ್ನು ಕೊಂಡು, ಹೆಂಡತಿ, ಮಗಳು ಎಲ್ಸಿ ಮತ್ತು ಮಗ ಜಾನ್ ಇವರೊಡನೆ ನೆಲೆ ನಿಂತನು.

ಮೊದಲನೆಯ ಮಹಾಯುದ್ಧ ಬಂದಾಗ ಜಾನನಿಗೆ ಹದಿನೇಳು ತುಂಬುವುದರಲ್ಲಿತ್ತು. ತಂದೆಯಂತೆ ಆತನ ದೃಷ್ಟಿಯೂ ಮಂದ, ಸೈನ್ಯದವರು ಬೇಡವೆಂದರು. ಯುದ್ಧಕ್ಕೆ ಹೋಗಿರೆಂದು ದೇಶದ ಯುವಕರನ್ನೆಲ್ಲ ಕರೆಯುತ್ತಿದ್ದ ಕಿಪ್ಲಿಂಗನಿಗೆ ತನ್ನ ಮಗ ಮನೆಯಲ್ಲಿ ಉಳಿಯುವುದು ಸರಿಕಾಣಲಿಲ್ಲ. ಮಗನಿಗೂ ಹೋಗಬೇಕೆಂಬ ಹಟವಿತ್ತು. ಹಳೆಯ ಸ್ನೇಹಿತನಾದ ಲಾರ್ಡ್ ರಾಬರ್ಟ್ಸ್‌ನಿಗೆ ಹೇಳಿಸಿ ಐರಿಷ್ ಗಾರ್ಡ್ಸ್ ದಳದಲ್ಲಿ ಜಾಗ ದೊರಕಿಸಿದನು. 1915ರ ಆಗಸ್ಟಿನಲ್ಲಿ ಹುಡುಗನಿಗೆ ಹದಿನೆಂಟು ತುಂಬಿತು. ಸೆಪ್ಟೆಂಬರ್ 27ರಂದು ಫ್ರಾನ್ಸಿನ ಲೂಸ್ ಕದನದಲ್ಲಿ ಆತ ಬಿದ್ದನು. ಮನೆಗೆ ಬಂದ ಸುದ್ದಿ, ಗಾಯಗೊಂಡು ಕಾಣೆಯಾಗಿದ್ದಾನೆಂಬುದು. ದೇಹ ಸಿಗಲಿಲ್ಲ. ತಂದೆತಾಯಿಗಳು ಬಹುಕಾಲ ಆಸ್ಪತ್ರೆಗಳಲ್ಲಿಯೂ ಹಿಂದಿರುಗಿದ ಸಿಪಾಯಿಗಳಲ್ಲಿಯೂ ವಿಚಾರಿಸುತ್ತ ಅಲೆದರು. ಒಂದು ಗೋರಿಯನ್ನು ಆತನದೆಂದು ಅಧಿಕೃತವಾಗಿ ಗುರುತಿಸಿದ್ದು 1992ರಲ್ಲಿ; ಆ ಹೊತ್ತಿಗೆ ಮನೆಯವರು ಯಾರೂ ಉಳಿದಿರಲಿಲ್ಲ.

ಆ ಶರತ್ಕಾಲದಲ್ಲಿಯೇ ಕಿಪ್ಲಿಂಗನ ಹೊಟ್ಟೆನೋವು ಮೊದಲಾಯಿತು.

ಹೊತ್ತು ಹಾಗೆ ಕೂಡಿಬಂದುದರಿಂದ ನೋಡಿದವರೆಲ್ಲರೂ ಒಂದೇ ತೀರ್ಮಾನಕ್ಕೆ ಬಂದುದು ಸಹಜವೇ. ಪುತ್ರಶೋಕ ಹೊಟ್ಟೆಯನ್ನು ಸುಡುತ್ತಿದೆ ಎಂದರು. ನಮ್ಮಲ್ಲಿಯೂ ಹೊಟ್ಟೆ ಉರಿಯುವುದೆಂದರೆ ಸಂಕಟಪಡುವುದೆಂದೇ ಅರ್ಥ. ಹೆತ್ತ ಕರುಳು ಎಂಬ ಮಾತಿನಲ್ಲಿ ದೇಹ ಮನಸ್ಸುಗಳ ನಡುವೆ ಗೆರೆಯೇ ಇಲ್ಲ. ಆದರೆ ಆತನ ದೇಹದಲ್ಲಿ ನಿಜವಾಗಿಯೂ ಒಂದು ಹುಣ್ಣು ಇತ್ತು. ಜಠರದಿಂದ ಹೊರಟ ಆಹಾರ ಮೊದಲು ಕಾಲಿಡುವ ಸಣ್ಣಕರುಳಿನ ಭಾಗಕ್ಕೆ ವೈದ್ಯರು ಡುಯೊಡಿನಮ್ ಎನ್ನುತ್ತಾರೆ. ಹನ್ನೆರಡು ಬೆರಳುಗಳಷ್ಟು ಉದ್ದ ಎಂಬುದು ಆ ಲ್ಯಾಟಿನ್ ಹೆಸರಿನ ಮೂಲ. ಜಠರದ ಆಮ್ಲ ಬಲು ತೀಕ್ಷ್ಣವಾದುದು. ಒಳಗೋಡೆಯ ರಕ್ಷಣೆ ಎಲ್ಲಿ ಸಡಿಲವಾಗುವುದೋ ಅಲ್ಲಿ ಅದು ಕೊರೆಯತೊಡಗುತ್ತದೆ. ಹುಣ್ಣು ಆಳಕ್ಕಿಳಿದು ರಕ್ತನಾಳವನ್ನು ಮುಟ್ಟಿದರೆ ರಕ್ತಸ್ರಾವ. ಗೋಡೆಯನ್ನೇ ತೂತುಮಾಡಿದರೆ ಪ್ರಾಣಾಪಾಯ.

ಈ ಹುಣ್ಣಿನ ನೋವಿಗೆ ಒಂದು ವಿಚಿತ್ರ ಸ್ವಭಾವವಿದೆ. ಉಂಡ ಕೂಡಲೇ ಅದು ಕಾಣಿಸಿಕೊಳ್ಳುವುದಿಲ್ಲ. ಎರಡು ಮೂರು ಗಂಟೆಗಳ ಮೇಲೆ, ಹೊಟ್ಟೆ ಬರಿದಾಗುವ ಹೊತ್ತಿಗೆ, ವಿಶೇಷವಾಗಿ ನಡುರಾತ್ರಿಯಲ್ಲಿ ಬರುತ್ತದೆ. ಏನಾದರೂ ತಿಂದರೆ ಅಡಗುತ್ತದೆ. ನಮ್ಮ ಆಯುರ್ವೇದದ ಮಾಧವನಿದಾನದಲ್ಲಿ, ಉಂಡ ಅನ್ನ ಜೀರ್ಣವಾಗುವ ಹೊತ್ತಿಗೆ ಬರುವ ನೋವನ್ನು ಪರಿಣಾಮಶೂಲವೆಂಬ ಹೆಸರಿನಿಂದಲೇ ಬೇರೆಮಾಡಿ ಹೇಳಿದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ಶಸ್ತ್ರವೈದ್ಯ ಬರ್ಕ್ಲಿ ಮಾಯ್ನಿಹನ್ 1910ರಲ್ಲಿಯೇ ಡುಯೊಡಿನಮ್ಮಿನ ಹುಣ್ಣನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಈ ಹಸಿವಿನ ನೋವನ್ನು ಸ್ಫುಟವಾಗಿ ವರ್ಣಿಸಿದ್ದನು. ಕಿಪ್ಲಿಂಗನ ನೋವು ಮೊದಲಾದುದು ಅದಾದ ಐದು ವರ್ಷಗಳ ಮೇಲೆ. ವಿದ್ಯೆ ಗ್ರಂಥದಲ್ಲಿತ್ತು, ರೋಗಿಯ ಹಾಸಿಗೆಯ ಬಳಿಗೆ ಅದು ಬಂದು ಮುಟ್ಟಲು ಹದಿನೆಂಟು ವರ್ಷ ಹಿಡಿಯಿತು.

ಆ ಹುಣ್ಣಿನ ಇನ್ನೊಂದು ಗುಣ, ಬಂದು ಹೋಗುವುದು. ಕೆಲವು ವಾರ ಕಾಡಿ, ಯಾರೂ ಏನೂ ಮಾಡದಿದ್ದರೂ ತಾನಾಗಿಯೇ ತಿಂಗಳುಗಟ್ಟಲೆ ಅಡಗಿರುತ್ತದೆ, ಮತ್ತೆ ಹೆಡೆಯೆತ್ತುತ್ತದೆ. ಇದರಿಂದ ರೋಗಿಗೂ ವೈದ್ಯನಿಗೂ ದೊಡ್ಡ ಮೋಸವಾಗುತ್ತದೆ. ಅಡಗುವ ಮುನ್ನ ಯಾವ ಚಿಕಿತ್ಸೆ ನಡೆದಿತ್ತೋ ಅದಕ್ಕೆ ಕೀರ್ತಿ ಬರುತ್ತದೆ. ಮತ್ತೆ ನೋವು ಬಂದಾಗ ಹೊಸ ಕಾರಣವನ್ನು ಹುಡುಕುತ್ತಾರೆ. ಕಿಪ್ಲಿಂಗನ ಚಿಕಿತ್ಸೆಯ ಇತಿಹಾಸವನ್ನು ಈ ಬೆಳಕಿನಲ್ಲಿಯೇ ಓದಬೇಕು.

ಆ ಕಾಲದ ಇಂಗ್ಲಿಷ್ ವೈದ್ಯರಲ್ಲಿ ಒಂದು ಸಿದ್ಧಾಂತ ಬಹು ಜನಪ್ರಿಯವಾಗಿತ್ತು. ಹಲ್ಲಿನ ಬೇರಿನಲ್ಲಿಯೋ ಗಂಟಲಿನ ಗ್ರಂಥಿಯಲ್ಲಿಯೋ ಅಡಗಿದ ಕೀವು ದೇಹವನ್ನೆಲ್ಲ ಒಳಗೊಳಗೇ ವಿಷಮಯ ಮಾಡುತ್ತದೆ. ಅದನ್ನು ಕಿತ್ತುಹಾಕಿದರೆ ದೂರದ ರೋಗವೂ ಗುಣವಾಗುತ್ತದೆ ಎಂಬುದು ಅದರ ಸಾರ. ಈ ಸಿದ್ಧಾಂತಕ್ಕೆ ಎಷ್ಟೋ ಸಾವಿರ ಜನರ ಹಲ್ಲುಗಳು ಬಲಿಯಾದವು. ಕಿಪ್ಲಿಂಗನ ಹಲ್ಲುಗಳೂ ಹೋದವು. 1921ರಲ್ಲಿ ಅವುಗಳನ್ನು ಕೀಳಿಸಿಕೊಂಡನು. ಹೊಟ್ಟೆ ಮಾತ್ರ ಇದ್ದಂತೆಯೇ ಇತ್ತು. 1922ರ ಮೇ ತಿಂಗಳಲ್ಲಿ ದೊರೆ ಐದನೆಯ ಜಾರ್ಜನೊಡನೆ ಫ್ರಾನ್ಸ್ ಬೆಲ್ಜಿಯಮ್‌ಗಳ ಯುದ್ಧಸ್ಮಶಾನಗಳ ಯಾತ್ರೆ ಮಾಡಿ ಬಂದ ಮೇಲೆ ಸ್ಥಿತಿ ಇನ್ನಷ್ಟು ಕೆಟ್ಟಿತು. ಕ್ಷಕಿರಣ ಪರೀಕ್ಷೆಗಳು ನಡೆದವು. ಅದೇ ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯೂ ಆಯಿತು. ದೇಹ ಬಡವಾಯಿತು; ಚೇತರಿಸಿಕೊಳ್ಳಲು ತಿಂಗಳುಗಳು ಬೇಕಾದವು; ನೋವು ಮತ್ತೆ ಬಂದಿತು.

ಈತ ಚಿಕಿತ್ಸೆ ದೊರೆಯದ ಬಡವನಲ್ಲವೆಂಬುದನ್ನು ನೆನೆಯಬೇಕು. ಲೋಕದಲ್ಲೆಲ್ಲ ಹೆಸರಾದ ಗ್ರಂಥಕರ್ತ, ಹಣವಂತ. ಪ್ರಸಿದ್ಧ ಶಸ್ತ್ರವೈದ್ಯ ಸರ್ ಜಾನ್ ಬ್ಲಾಂಡ್-ಸಟನ್ ಆತನ ಆಪ್ತಮಿತ್ರ. ಲಂಡನ್ನಿನ ಉತ್ತಮೋತ್ತಮ ವೈದ್ಯರು ಕರೆದರೆ ಬರುವವರು. ಆದರೂ ಹಲ್ಲು ಹೋಯಿತು, ರಕ್ತ ಹೋಯಿತು, ತೂಕ ಹೋಯಿತು. ಹೋಗದೆ ಉಳಿದುದು ರೋಗವೊಂದೇ. ಹೊಗೆಸೊಪ್ಪಿನ ಚಟವೂ ಹೋಗಲಿಲ್ಲ. ಧೂಮಪಾನದಿಂದ ಇಂಥ ಹುಣ್ಣು ಮಾಯುವುದು ತಡವಾಗುತ್ತದೆಂಬ ವಿಚಾರ ಆಗ ಜನರ ತಿಳಿವಿಗೆ ಬಂದಿರಲಿಲ್ಲ.

ಹೊಟ್ಟೆಯ ಹುಣ್ಣಿನ ರೋಗಿ ಹೊರಗಿನವರ ಕಣ್ಣಿಗೆ ರೋಗಿಯಂತೆ ಕಾಣುವುದಿಲ್ಲ. ಜ್ವರವಿಲ್ಲ, ಗಾಯವಿಲ್ಲ, ನಡೆದಾಡುತ್ತಾನೆ, ಮಾತನಾಡುತ್ತಾನೆ. ಆತನ ಬಾಳು ಒಳಗಿನಿಂದ ಕುಗ್ಗುತ್ತದೆ. ಊಟ ಹಿತವಲ್ಲ, ಲೆಕ್ಕಾಚಾರ. ನಿದ್ರೆ ತುಂಡುತುಂಡು. ಅತಿಥಿಗಳನ್ನು ಕರೆಯುವ ಮೊದಲು, ಪ್ರಯಾಣ ಹೊರಡುವ ಮೊದಲು, ಒಂದು ಭಾಷಣವನ್ನು ಒಪ್ಪಿಕೊಳ್ಳುವ ಮೊದಲು ಹೊಟ್ಟೆಯ ಅಪ್ಪಣೆ ಬೇಕು. ಕಿಪ್ಲಿಂಗನ ಮನೆಯಲ್ಲಿ ಈ ಎಲ್ಲದರ ಭಾರವನ್ನೂ ಹೆಂಡತಿ ಕ್ಯಾರೊಲೈನಳು ಹೊತ್ತಳು. ಪತ್ರಗಳು, ಲೆಕ್ಕ, ಭೇಟಿಗೆ ಬರುವವರು, ಎಲ್ಲವೂ ಆಕೆಯ ಕೈಯಿಂದಲೇ ಹಾಯಬೇಕು. ಗಂಡನನ್ನು ಕಾವಲುಕಟ್ಟಿ ಕೂರಿಸಿದ್ದಾಳೆಂದು ಸ್ನೇಹಿತರು ಆಕೆಯನ್ನು ದೂರಿದರು. ಆಕೆಯೂ ಸ್ವತಃ ರೋಗಿ. ಇಬ್ಬರು ಮಕ್ಕಳನ್ನು ಕಳೆದುಕೊಂಡ ತಾಯಿ. 1924ರಲ್ಲಿ ಎಲ್ಸಿ ಮದುವೆಯಾಗಿ ಹೋದ ಮೇಲೆ ಆ ದೊಡ್ಡ ಕಲ್ಲುಮನೆಯಲ್ಲಿ ಉಳಿದವರು ಇಬ್ಬರು ವೃದ್ಧರು ಮಾತ್ರ.

ನೋವಿಗಿಂತ ಹೆಚ್ಚಾಗಿ ಆತನನ್ನು ತಿಂದುದು ಭಯ. ಇದು ಕ್ಯಾನ್ಸರ್ ಎಂಬ ಶಂಕೆ ಆತನ ಮನಸ್ಸನ್ನು ಹೊಕ್ಕು ಕುಳಿತಿತ್ತು. ವೈದ್ಯರು ಅಲ್ಲವೆನ್ನುತ್ತಿದ್ದರು, ಆದರೆ ಮತ್ತೇನೆಂದು ಹೇಳಲಾರರು. ಅಲ್ಲ ಎಂಬ ಉತ್ತರದಿಂದ ರೋಗಿಗೆ ಸಮಾಧಾನವಾಗುವುದಿಲ್ಲ. ರೋಗಕ್ಕೊಂದು ಹೆಸರಿದ್ದರೆ ಅದರೊಡನೆ ಹೇಗೋ ವ್ಯವಹರಿಸಬಹುದು; ಹೆಸರಿಲ್ಲದಿದ್ದರೆ ಪ್ರತಿಯೊಂದು ನೋವೂ ಅತ್ಯಂತ ಕೆಟ್ಟ ಹೆಸರನ್ನೇ ಹೊತ್ತುಕೊಂಡು ಬರುತ್ತದೆ.

ಇಷ್ಟಾದರೂ ಆತ ಕೆಲಸ ನಿಲ್ಲಿಸಲಿಲ್ಲ. 1917ರಲ್ಲಿ ಯುದ್ಧಸ್ಮಶಾನಗಳ ಆಯೋಗದ ಸದಸ್ಯನಾಗಿ ಸೇರಿದವನು ಕೊನೆಯವರೆಗೂ ಅದರ ಕೆಲಸ ಮಾಡಿದನು. ಹೆಸರು ತಿಳಿಯದ ಸಿಪಾಯಿಗಳ ಗೋರಿಕಲ್ಲಿನ ಮೇಲೆ, ಈತನನ್ನು ದೇವರು ಬಲ್ಲನೆಂಬ ಅರ್ಥದ ಮಾತನ್ನು ಕೆತ್ತಿಸಲು ಸೂಚಿಸಿದವನು ಆತನೇ. ಸ್ವಂತ ಮಗನ ಗೋರಿಯನ್ನು ಕಾಣದ ತಂದೆ ಇತರರ ಮಕ್ಕಳ ಗೋರಿಗಳ ಮೇಲ್ವಿಚಾರಣೆಗೆಂದು ಊರೂರು ಸುತ್ತಿದನು. ಮಗನ ದಳದ ಯುದ್ಧಚರಿತ್ರೆಯನ್ನು ಐದಾರು ವರ್ಷ ಶ್ರಮಿಸಿ ಬರೆದು, 1923ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದನು.

ಇಲ್ಲಿ ಭಾರತೀಯ ವಾಚಕನು ಒಂದು ಕಹಿ ಸಂಗತಿಯನ್ನು ಮರೆಯಲಾಗದು. 1919ರ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಬಳಿಕ, ಗುಂಡು ಹಾರಿಸಲು ಅಪ್ಪಣೆ ಕೊಟ್ಟ ಡಯರನ ಸಹಾಯಾರ್ಥವಾಗಿ 1920ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ನಿಧಿ ಕೂಡಿಸಿದಾಗ, ಹಣ ಕೊಟ್ಟವರಲ್ಲಿ ಕಿಪ್ಲಿಂಗನೂ ಒಬ್ಬನು. ಮಗನನ್ನು ಕಳೆದುಕೊಂಡು ಐದು ವರ್ಷ ತುಂಬಿರಲಿಲ್ಲ; ತನ್ನ ಹೊಟ್ಟೆಯೊಳಗೆ ನಿತ್ಯವೂ ನೋವಿತ್ತು. ಅಮೃತಸರದಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಆತನಿಗೆ ಕಾಣಲಿಲ್ಲ. ನೋವು ಮನುಷ್ಯನನ್ನು ತಾನಾಗಿಯೇ ಉದಾರನನ್ನಾಗಿ ಮಾಡುತ್ತದೆಂದು ನಾವು ಎಷ್ಟೋ ಸಲ ಪಾಠ ಹೇಳುತ್ತೇವೆ. ಕಿಪ್ಲಿಂಗನ ಬಾಳು ಆ ಪಾಠವನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಆತನ ರೋಗಕ್ಕಾಗಿ ಮರುಗುವುದೂ ಆತನ ಆ ಕೃತ್ಯವನ್ನು ಖಂಡಿಸುವುದೂ ಒಂದೇ ಮನಸ್ಸಿನಿಂದ ಆಗಬೇಕಾದ ಕೆಲಸಗಳು.

ಆದರೆ ರಾಜಕಾರಣದಲ್ಲಿ ತೆರೆಯದ ಬಾಗಿಲು ಕಥೆಗಳಲ್ಲಿ ತೆರೆಯಿತು. ಆತನ ಕೊನೆಯ ಎರಡು ಕಥಾಸಂಗ್ರಹಗಳು 1926ರಲ್ಲಿಯೂ 1932ರಲ್ಲಿಯೂ ಬಂದವು. ಮೊದಲಿನ ದರ್ಪ ಅವುಗಳಲ್ಲಿ ಕಡಮೆ. ವೈದ್ಯರು, ರೋಗಿಗಳು, ಯುದ್ಧದಿಂದ ಮನಸ್ಸು ಕೆಟ್ಟು ಬಂದ ಸಿಪಾಯಿಗಳು, ಗೋರಿಯನ್ನು ಹುಡುಕಿ ಹೊರಟ ಹೆಂಗಸು, ಇಂಥವರೇ ಅಲ್ಲಿಯ ಪಾತ್ರಗಳು. ದಿ ವಿಶ್ ಹೌಸ್ ಎಂಬ ಕಥೆಯಲ್ಲಿ, ಸಸೆಕ್ಸ್ ಸೀಮೆಯ ಅಡಿಗೆಯ ಹೆಂಗಸೊಬ್ಬಳು ತಾನು ಪ್ರೀತಿಸಿದವನ ರೋಗವೆಲ್ಲ ತನಗೆ ಬರಲೆಂದು ಬೇಡಿಕೊಳ್ಳುತ್ತಾಳೆ. ಆತ ಆಕೆಯನ್ನು ಬಿಟ್ಟುಹೋದವನು. ಈ ವಿಷಯ ಆತನಿಗೆ ಎಂದಿಗೂ ತಿಳಿಯುವುದಿಲ್ಲ. ಆಕೆಯ ಕಾಲಿನ ಹುಣ್ಣು ಕೆರಳಿದಾಗ ಆತ ಅಲ್ಲೆಲ್ಲೋ ಗುಣಮುಖನಾಗುತ್ತಾನೆ. ಕೊನೆಗೆ ಆ ಹುಣ್ಣು ಮಾಯದ ರೋಗವಾಗಿ ತಿರುಗುತ್ತದೆ. ತನ್ನ ನೋವು ವ್ಯರ್ಥವಾಗಿರಬಾರದು, ಅದರಿಂದ ಯಾರಿಗಾದರೂ ಉಪಕಾರವಾಗಿರಬೇಕು ಎಂಬುದೊಂದೇ ಆಕೆಯ ಹಂಬಲ. ಮಾಯದ ಹುಣ್ಣನ್ನು ಹೊತ್ತ ಲೇಖಕನು ಬರೆದ ಕಥೆ ಇದು. ತನಗೆ ಕ್ಯಾನ್ಸರ್ ಇದೆಯೆಂದು ಅಂಜುತ್ತಿದ್ದ ವರ್ಷಗಳಲ್ಲಿ ಬರೆದುದು.

1932ರ ಸಂಗ್ರಹದಲ್ಲಿ ದೈಹಿಕ ನೋವನ್ನೇ ಸ್ತುತಿಸುವ ಒಂದು ಕವಿತೆಯಿದೆ. ದೇಹದ ನೋವು ಬಂದಾಗ ಆತ್ಮದ ನೋವು ಮರೆತುಹೋಗುತ್ತದೆ. ಪಶ್ಚಾತ್ತಾಪವೂ ಅಪರಾಧದ ನೆನಪೂ ಅಷ್ಟುಹೊತ್ತು ಸುಮ್ಮನಾಗುತ್ತವೆ. ಆದುದರಿಂದ ನೋವೇ, ನೀನು ಕರುಣಾಮಯಿ ಎಂಬುದು ಅದರ ಭಾವ. ಅಂಥ ಸ್ತೋತ್ರವನ್ನು ಬರೆಯಬೇಕಾದರೆ ಎಂಥ ಆತ್ಮವೇದನೆ ಇದ್ದಿರಬೇಕು! ಸೈನ್ಯ ಬೇಡವೆಂದ ಮಗನನ್ನು ತಾನೇ ಸೈನ್ಯಕ್ಕೆ ಸೇರಿಸಿದ ತಂದೆಯ ನೆನಪಿನೊಡನೆ ಓದಿದಾಗ ಈ ಕವಿತೆಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

1933ರಲ್ಲಿ, ಪ್ಯಾರಿಸ್ಸಿನಲ್ಲಿ ನೋವು ಉಲ್ಬಣಿಸಿದಾಗ, ಅಲ್ಲಿಯ ವೈದ್ಯರು ಪರೀಕ್ಷಿಸಿ ಡುಯೊಡಿನಮ್ಮಿನ ಹುಣ್ಣೆಂದು ಹೇಳಿದರು. ಅದು ಇಂದು ನಿನ್ನೆಯದಲ್ಲ, ಬಹುವರ್ಷಗಳದೆಂದರು. ಕಿಪ್ಲಿಂಗನಿಗೆ ಆಗ ಅರುವತ್ತೇಳು. ಕ್ಯಾನ್ಸರ್ ಅಲ್ಲವೆಂಬ ಮಾತು ಕೊನೆಗೂ ನಂಬುವಂತೆ ಕೇಳಿಸಿತು. ಆತನಿಗೆ ದೊಡ್ಡ ಬಿಡುಗಡೆಯಾದಂತಾಯಿತು. ಆದರೆ ಹೆಸರು ಬಂದುದರಿಂದ ಹುಣ್ಣು ಮಾಯಲಿಲ್ಲ. ಆ ದಿನಗಳಲ್ಲಿ ವೈದ್ಯರ ಕೈಯಲ್ಲಿದ್ದ ಉಪಾಯಗಳು ಕೆಲವೇ: ವಿಶ್ರಾಂತಿ, ಗಂಟೆಗೊಮ್ಮೆ ಹಾಲು ಮತ್ತು ಕೆನೆ, ಆಮ್ಲವನ್ನು ತಗ್ಗಿಸುವ ಕ್ಷಾರದ ಪುಡಿಗಳು. ಹಾಲು ಕೆನೆಗಳ ಈ ಪಥ್ಯವನ್ನು 1915ರಲ್ಲಿ, ಕಿಪ್ಲಿಂಗನ ನೋವು ಮೊದಲಾದ ವರ್ಷದಲ್ಲಿಯೇ, ಅಮೆರಿಕದ ಬರ್ಟ್ರಮ್ ಸಿಪ್ಪಿ ಎಂಬ ವೈದ್ಯನು ಪ್ರಚಾರಕ್ಕೆ ತಂದಿದ್ದನು.

1935ರ ಆಗಸ್ಟಿನಲ್ಲಿ ಆತ ಆತ್ಮಕಥೆಯನ್ನು ಬರೆಯತೊಡಗಿದನು. ಆತನ ಮರಣಾನಂತರ 1937ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಮುಂಬಯಿಯ ಬೆಳಗು, ಸೌತ್‌ಸೀಯ ಕತ್ತಲು, ಲಾಹೋರಿನ ಧಗೆ ಎಲ್ಲವೂ ಇವೆ. ತೀರಿಕೊಂಡ ಮಕ್ಕಳ ಕಥೆಯನ್ನು ಮಾತ್ರ ಆತ ಹೇಳಲಿಲ್ಲ.

1936ರ ಜನವರಿಯಲ್ಲಿ ದಂಪತಿಗಳು ಚಳಿಯಿಂದ ತಪ್ಪಿಸಿಕೊಳ್ಳಲು ದಕ್ಷಿಣ ಫ್ರಾನ್ಸಿಗೆ ಹೊರಡುವವರಿದ್ದರು. ದಾರಿಯಲ್ಲಿ ಲಂಡನ್ನಿನ ಬ್ರೌನ್ಸ್ ಹೋಟೆಲಿನಲ್ಲಿ ತಂಗಿದ್ದಾಗ, 12ರ ರಾತ್ರಿ, ಹುಣ್ಣು ಒಡೆಯಿತು. ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಸಾಗಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಇದೇ ಆಸ್ಪತ್ರೆಯ ವೈದ್ಯವಿದ್ಯಾರ್ಥಿಗಳ ಮುಂದೆ 1908ರಲ್ಲಿ ಆತ ವೈದ್ಯನ ಕರ್ತವ್ಯವನ್ನು ಕುರಿತು ಉತ್ಸಾಹದ ಭಾಷಣ ಮಾಡಿದ್ದನು. ಆಗ ಆತ ನೊಬೆಲ್ ಪಾರಿತೋಷಕ ಪಡೆದು ವರ್ಷವೂ ತುಂಬದ ಅತಿಥಿ. ಈಗ ಅಲ್ಲಿಯೇ ರೋಗಿಯಾಗಿ ಐದು ದಿನ ಸಾವಿನೊಡನೆ ಸೆಣಸಿ ಜನವರಿ 18ರಂದು ತೀರಿಕೊಂಡನು. ಅದು ಆತನ ಮದುವೆಯ ನಲವತ್ತನಾಲ್ಕನೆಯ ವಾರ್ಷಿಕ ದಿನ. ಎರಡು ದಿನಗಳ ಮೇಲೆ ದೊರೆ ಐದನೆಯ ಜಾರ್ಜನೂ ಕಾಲವಾದನು. ವೆಸ್ಟ್‌ಮಿನ್‌ಸ್ಟರ್ ಮಹಾಮಂದಿರದ ಕವಿಗಳ ಮೂಲೆಯಲ್ಲಿ ಕಿಪ್ಲಿಂಗನ ಅಸ್ಥಿಯನ್ನು ಇರಿಸಿದರು. ಅದನ್ನು ಹೊತ್ತೊಯ್ದವರ ಸಾಲಿನಲ್ಲಿ ಆಗಿನ ಪ್ರಧಾನಮಂತ್ರಿ, ಆತನ ಸೋದರಸಂಬಂಧಿ, ಸ್ಟ್ಯಾನ್ಲಿ ಬಾಲ್ಡ್‌ವಿನ್ ಕೂಡ ಇದ್ದನು.

ಆ ಬಳಿಕ ಜಠರವ್ರಣದ ಚಿಕಿತ್ಸೆ ನಡೆದುಬಂದ ಹಾದಿಯನ್ನು ನೋಡಿದರೆ ಕಿಪ್ಲಿಂಗನ ಕಥೆಗೆ ಇನ್ನೊಂದು ಅರ್ಥ ಬರುತ್ತದೆ. ಬಹುಕಾಲ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಹುಣ್ಣು ಹೋಗುತ್ತಿತ್ತು, ಆದರೆ ಎಷ್ಟೋ ಮಂದಿಗೆ ಉಂಡ ಮೇಲೆ ತಲೆ ಸುತ್ತು, ಬೆವರು, ನಿಶ್ಶಕ್ತಿ ಕಾಡುತ್ತಿದ್ದವು. ರೋಗ ವಾಸಿಯಾದರೂ ಬಾಳು ವಾಸಿಯಾಗಲಿಲ್ಲ. 1976ರಲ್ಲಿ ಆಮ್ಲದ ಉತ್ಪತ್ತಿಯನ್ನೇ ತಡೆಯುವ ಸಿಮೆಟಿಡಿನ್ ಎಂಬ ಔಷಧ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದಿತು. ಹುಣ್ಣು ವಾರಗಳಲ್ಲಿ ಮಾಯತೊಡಗಿತು. ಗುಳಿಗೆ ನಿಲ್ಲಿಸಿದರೆ ಮತ್ತೆ ಬರುತ್ತಿತ್ತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ವೈದ್ಯರು ರೋಗಿಗಳ ಜಠರದಲ್ಲಿ ವಾಸಿಸುವ ಒಂದು ಸುರುಳಿ ಆಕಾರದ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. ಅದಕ್ಕೆ ಈಗ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂದು ಹೆಸರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲನು ಆ ಜೀವಿಗಳಿದ್ದ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡನು. 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಈ ಜೀವಿಯನ್ನು ಹೊತ್ತವರಿಗೆಲ್ಲ ಹುಣ್ಣಾಗುವುದಿಲ್ಲ. ನೋವುನಿವಾರಕ ಗುಳಿಗೆಗಳಿಂದಲೂ ಹುಣ್ಣಾಗುವುದುಂಟು. ಆದರೆ ಕಿಪ್ಲಿಂಗನ ಕಾಲದ ಡುಯೊಡಿನಮ್ ಹುಣ್ಣುಗಳಲ್ಲಿ ಬಹುಪಾಲಿಗೆ ಮೂಲ ಈ ಜೀವಿಯೇ. ಈಗ ಎರಡು ವಾರಗಳ ಔಷಧದಿಂದ ಅದನ್ನು ನಿರ್ಮೂಲ ಮಾಡಿದರೆ ಹುಣ್ಣು ಮರಳಿ ಬರುವುದು ವಿರಳ.

ಈ ರೋಗ ನಮಗೆ ದೂರದ್ದೇನೂ ಅಲ್ಲ. 1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿದ್ದ ಫ್ರ್ಯಾಂಕ್ ಟೋವಿ ಎಂಬಾತನು ಇದನ್ನು ದೀರ್ಘಕಾಲ ಅಭ್ಯಾಸ ಮಾಡಿ, ಅಕ್ಕಿಯೇ ಮುಖ್ಯ ಆಹಾರವಾದ ಪ್ರದೇಶಗಳಲ್ಲಿ ಈ ಹುಣ್ಣು ಹೆಚ್ಚೆಂದು ಬರೆದನು. ನಮ್ಮ ಊರುಗಳಲ್ಲಿಯೂ ಹೊಟ್ಟೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕುಳಿತವರಿಗೆ, ನಡುರಾತ್ರಿ ಎದ್ದು ಹಾಲು ಕುಡಿದು ಮಲಗುತ್ತಿದ್ದವರಿಗೆ, ಮಂದಿ ಹೇಳುತ್ತಿದ್ದುದು ಒಂದೇ ಮಾತು: ಚಿಂತೆ ಬಿಡು. ನೋವಿಗೆ ಕಾರಣವನ್ನು ನೊಂದವನ ಮನಸ್ಸಿನಲ್ಲಿಯೇ ಹುಡುಕುವುದು ಬಹು ಸುಲಭ. ಕಿಪ್ಲಿಂಗನಿಗೂ ಆದುದು ಅದೇ. ಆತನ ಶೋಕ ಸುಳ್ಳಲ್ಲ. ಅದು ನೋವನ್ನು ಹೆಚ್ಚಿಸಿಯೂ ಇರಬಹುದು. ಆದರೆ ಎಲ್ಲರೂ ಶೋಕವನ್ನೇ ನೋಡುತ್ತ ಕುಳಿತುದರಿಂದ ಹುಣ್ಣನ್ನು ನೋಡುವವರು ಇಲ್ಲವಾದರು.

ಇಂದಿನ ವೈದ್ಯರು ಚಿಕಿತ್ಸೆಯ ಫಲವನ್ನು ಅಳೆಯುವಾಗ ರೋಗಿ ಎಷ್ಟು ದಿನ ಬದುಕಿದನೆಂಬುದನ್ನಷ್ಟೇ ಎಣಿಸುವುದಿಲ್ಲ. ರಾತ್ರಿ ನಿದ್ರೆ ಬಂತೆ, ಬೇಕಾದುದನ್ನು ಉಂಡೆಯಾ, ಕೆಲಸ ಮಾಡಲಾಯಿತೆ, ಭಯ ಕಡಮೆಯಾಯಿತೆ ಎಂದು ಕೇಳುತ್ತಾರೆ. ಇದಕ್ಕೆ ಜೀವನದ ಗುಣಮಟ್ಟ ಎಂಬ ಹೆಸರಿಟ್ಟಿದ್ದಾರೆ. ಆ ಪ್ರಶ್ನೆಗಳನ್ನು ಕಿಪ್ಲಿಂಗನ ಹಾಸಿಗೆಯ ಬಳಿ ಯಾರಾದರೂ ಕುಳಿತು ಕೇಳಿದ್ದರೆ, ನೋವು ಯಾವ ಹೊತ್ತಿನಲ್ಲಿ ಬರುತ್ತದೆಂದು ಕಿವಿಗೊಟ್ಟು ಆಲಿಸಿದ್ದರೆ, ಆತನ ರೋಗಕ್ಕೆ ಹೆಸರು 1933ಕ್ಕೆ ಬಹಳ ಮೊದಲೇ ಸಿಗುತ್ತಿತ್ತು. ಮಾಯ್ನಿಹನ್ನನ ಗ್ರಂಥ ಲಂಡನ್ನಿನ ಅಂಗಡಿಗಳಲ್ಲಿ ಆಗಲೇ ದೊರೆಯುತ್ತಿತ್ತು.

ಮೌಗ್ಲಿಯ ಕಥೆಯನ್ನು ನಮ್ಮ ಮಕ್ಕಳು ಇನ್ನೂ ಓದುತ್ತಾರೆ. ಸಾಮ್ರಾಜ್ಯದ ಕವಿಯನ್ನು ನಮ್ಮ ವಿದ್ಯಾರ್ಥಿಗಳು ವಿಮರ್ಶಿಸುತ್ತಾರೆ, ವಿಮರ್ಶಿಸಬೇಕು. ಅವರಲ್ಲಿ ಯಾರಾದರೂ ಒಬ್ಬರು ಆತನ ಕೊನೆಯ ಕಥೆಗಳನ್ನೂ ತೆರೆದು ನೋಡಲಿ. ಮಗನನ್ನು ಕಳೆದುಕೊಂಡು, ಹಲ್ಲುಗಳನ್ನು ಕಳೆದುಕೊಂಡು, ರಾತ್ರಿಗಳನ್ನು ಕಳೆದುಕೊಂಡು ಬರವಣಿಗೆಯೊಂದನ್ನು ಉಳಿಸಿಕೊಂಡ ಮನುಷ್ಯನು ಅಲ್ಲಿ ಸಿಗುತ್ತಾನೆ.